ಹೈಟಿಯಲ್ಲಿ ಮಳೆ ಬಿದ್ದರೂ ಹಸಿವು ಯಾಕೆ ಇಳಿಯುತ್ತಿಲ್ಲ?

2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಕೆರಿಬಿಯನ್ ಸಮುದ್ರದ ಜಮೈಕಾದ ದಡಕ್ಕೆ ಅಪ್ಪಳಿಸಿತು. ಗಂಟೆಗೆ ಸುಮಾರು 300 ಕಿ.ಮೀ. ವೇಗದ ಗಾಳಿ, ಐದನೇ ದರ್ಜೆಯ ಚಂಡಮಾರುತ. ಸುದ್ದಿಯೆಲ್ಲ ಜಮೈಕಾದ್ದೇ ಆಗಿದ್ದು ಸಹಜ. ಆದರೆ ಪಕ್ಕದ ಹೈಟಿಯಲ್ಲಿ ಮೆಲಿಸ್ಸಾ ದಡವನ್ನೇ ಮುಟ್ಟಲಿಲ್ಲ. ಆದರೂ ಅಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಪೆಟಿ-ಗೋವಾವ್ ಎಂಬ ಪಟ್ಟಣದಲ್ಲಿ ಲಾ ದಿಗ್ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಅಲ್ಲೊಂದೇ ಕಡೆ 20ಕ್ಕೂ ಹೆಚ್ಚು ಜೀವ ಹೋಯಿತು, ಅದರಲ್ಲಿ ಮಕ್ಕಳೂ ಇದ್ದರು.

ಇದಕ್ಕೆ ಸರಿಯಾಗಿ ಕೆಲವೇ ದಿನಗಳ ಮುಂಚೆ ಇನ್ನೊಂದು ಸುದ್ದಿ ಬಂದಿತ್ತು. ಹೈಟಿಯ 57 ಲಕ್ಷ ಜನರಿಗೆ, ಅಂದರೆ ದೇಶದ ಅರ್ಧಕ್ಕಿಂತ ಜಾಸ್ತಿ ಜನರಿಗೆ, ತೀವ್ರ ಆಹಾರದ ಕೊರತೆ ಇದೆ ಎಂದು. 2026ರ ಮಾರ್ಚ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದು 59 ಲಕ್ಷ ಮುಟ್ಟಬಹುದು ಎಂಬ ಅಂದಾಜೂ ಅದರಲ್ಲಿತ್ತು. ಈ ಲೆಕ್ಕ ಬಂದಾಗ ಮೆಲಿಸ್ಸಾ ಇನ್ನೂ ಹುಟ್ಟಿಯೇ ಇರಲಿಲ್ಲ.

ಹಾಗಾದರೆ ಹಸಿವಿಗೂ ಮಳೆಗೂ ಸಂಬಂಧ ಇದೆಯೋ ಇಲ್ಲವೋ? ಒಂದು ವರದಿ ಬರ ಎನ್ನುತ್ತದೆ, ಇನ್ನೊಂದು ಪ್ರವಾಹ ಎನ್ನುತ್ತದೆ, ಮತ್ತೊಂದು ಎಲ್ಲಕ್ಕೂ ಬಂದೂಕಿನ ಗುಂಪುಗಳೇ ಕಾರಣ ಎನ್ನುತ್ತದೆ. ಮೂರೂ ಸುಳ್ಳಲ್ಲ. ಆದರೆ ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ಅನ್ನೋದು ಸುದ್ದಿಯಲ್ಲಿ ಕಾಣುವುದಿಲ್ಲ. ಅದನ್ನು ಬಿಡಿಸಿ ನೋಡೋಣ.

57 ಲಕ್ಷ ಅಂದರೆ ಏನು?

ಈ ಸಂಖ್ಯೆ ಬರುವುದು ಐಪಿಸಿ ಎಂಬ ಅಳತೆಯಿಂದ. ವಿಶ್ವಸಂಸ್ಥೆಯ ಸಂಸ್ಥೆಗಳು, ನೆರವು ಸಂಘಟನೆಗಳು, ಆಯಾ ದೇಶದ ಸರ್ಕಾರಿ ವಿಭಾಗ ಎಲ್ಲ ಕೂತು ಇದನ್ನು ಮಾಡುತ್ತವೆ. ಜನರ ಸ್ಥಿತಿಯನ್ನು ಐದು ಹಂತಗಳಲ್ಲಿ ಇಡುತ್ತಾರೆ. ಮೂರನೇ ಹಂತ ಬಿಕ್ಕಟ್ಟು: ಊಟ ಕಡಿಮೆ ಮಾಡಬೇಕು, ಇಲ್ಲವೇ ಬದುಕಿಗೆ ಬೇಕಾದ ಆಡು, ಬೀಜ, ಸಲಕರಣೆ ಮಾರಿ ಊಟ ಮಾಡಬೇಕು. ನಾಲ್ಕನೇದು ತುರ್ತು ಸ್ಥಿತಿ. ಐದನೇದು ಮಹಾದುರಂತ. 57 ಲಕ್ಷ ಅಂದರೆ ಮೂರು ಮತ್ತು ಅದಕ್ಕೂ ಮೇಲಿನ ಹಂತದಲ್ಲಿರುವವರು. ಅದರಲ್ಲಿ ಸುಮಾರು 19 ಲಕ್ಷ ಜನ ನಾಲ್ಕನೇ ಹಂತದಲ್ಲಿದ್ದರು.

ಮೂರನೇ ಹಂತವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ಊಟಕ್ಕಾಗಿ ನಾಳಿನ ಬೆಳೆಯನ್ನು ಮಾರುವ ಹಂತ ಅದು. ಹೈಟಿಯ ಕಥೆಯೆಲ್ಲ ಅಲ್ಲೇ ಇದೆ.

ಮಳೆಯೇನೂ ಕಡಿಮೆ ಬೀಳುವುದಿಲ್ಲ

ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ ಹೈಟಿ, ಉಳಿದದ್ದು ಡೊಮಿನಿಕನ್ ರಿಪಬ್ಲಿಕ್. ಹೈಟಿಯ ವಿಸ್ತೀರ್ಣ 27,750 ಚದರ ಕಿ.ಮೀ. ಕರ್ನಾಟಕದ ಏಳನೇ ಒಂದು ಭಾಗ. ಇಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಜನ. ವರ್ಷಕ್ಕೆ ಸರಾಸರಿ 1,400 ಮಿ.ಮೀ. ಆಸುಪಾಸು ಮಳೆ. ಬೆಂಗಳೂರಿಗೆ ಬೀಳುವುದಕ್ಕಿಂತ ಜಾಸ್ತಿ!

ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ತೇವದ ಗಾಳಿ ಈಶಾನ್ಯದಿಂದ ಬೀಸುತ್ತದೆ. ದ್ವೀಪದ ನಡುವಿನ ಎತ್ತರದ ಬೆಟ್ಟಗಳು ಆ ತೇವವನ್ನು ಪೂರ್ವದಲ್ಲೇ ಹಿಂಡಿಕೊಳ್ಳುತ್ತವೆ. ಹಾಗಾಗಿ ಹೈಟಿಯ ಬಹಳಷ್ಟು ಭಾಗ ಮಳೆನೆರಳಿನಲ್ಲಿದೆ. ವಾಯವ್ಯದ ಕರಾವಳಿಯಲ್ಲಿ ಕಳ್ಳಿ ಬೆಳೆಯುತ್ತದೆ. ದಕ್ಷಿಣದ ಟಿಬುರಾನ್ ಪರ್ಯಾಯ ದ್ವೀಪದ ಬೆಟ್ಟಗಳಲ್ಲಿ ಮಳೆ ಧಾರಾಳ. ಎರಡೂ ಒಂದೇ ದೇಶದ ಸರಾಸರಿಯಲ್ಲಿ ಸೇರಿಹೋಗುತ್ತವೆ.

ಕಾಲದ ಲೆಕ್ಕವೂ ಹಾಗೇ. ಹೆಚ್ಚಿನ ಕಡೆ ಎರಡು ಮಳೆಗಾಲ: ಏಪ್ರಿಲ್‌ನಿಂದ ಜೂನ್ ಒಂದು, ಆಗಸ್ಟ್‌ನಿಂದ ನವೆಂಬರ್ ಇನ್ನೊಂದು. ನಡುವೆ ಜುಲೈ ಹೊತ್ತಿಗೆ ಒಂದು ಒಣ ಬಿಡುವು. ಇದರಲ್ಲಿ ಮೊದಲ ಮಳೆಗಾಲವೇ ಮುಖ್ಯ. ವರ್ಷದ ಬೆಳೆಯ ಅರ್ಧಕ್ಕಿಂತ ಜಾಸ್ತಿ ಬರುವುದು ಅದರಿಂದ. ನೀರಾವರಿ ಇರುವ ಜಮೀನು ತೀರಾ ಕಡಿಮೆ. ಉಳಿದವರೆಲ್ಲ ಆಕಾಶ ನೋಡಬೇಕು.

ಏಪ್ರಿಲ್‌ನಲ್ಲಿ ಹದಿನೈದು ದಿನ ಮಳೆ ತಪ್ಪಿದರೆ

ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ರೈತರು ಬೀಜ ಹೊಂದಿಸಿಕೊಂಡು ಕಾಯುತ್ತಾರೆ. ಏಪ್ರಿಲ್‌ನಲ್ಲಿ ಹದವಾಗಿ ಒಂದು ಮಳೆ ಬಿದ್ದರೆ ಬಿತ್ತುತ್ತಾರೆ. ಮೊಳಕೆ ಬರುತ್ತದೆ. ಆಮೇಲೆ ಹದಿನೈದು ದಿನ ಮಳೆ ಮಾಯವಾದರೆ ಮೊಳಕೆ ಒಣಗುತ್ತದೆ. ಮತ್ತೆ ಬಿತ್ತಬೇಕು. ಮತ್ತೆ ಬಿತ್ತಬೇಕು ಅಂದರೆ ಮತ್ತೆ ಬೀಜ ಬೇಕು. ಬೀಜಕ್ಕೆ ಅಂತ ಎತ್ತಿಟ್ಟ ಕಾಳು ಮುಗಿದಿರುತ್ತದೆ. ಸಾಲ ಮಾಡಬೇಕು.

ಸಾಲ ಮಾಡಿ ಮೇ ಮಧ್ಯದಲ್ಲಿ ಬಿತ್ತಿದರು ಅಂತಿಟ್ಟುಕೊಳ್ಳಿ. ಮೆಕ್ಕೆಜೋಳ ಬಿತ್ತಿದ ಎರಡು ತಿಂಗಳಿಗೆ ಸೂಲಂಗಿ ಬಿಟ್ಟು ತೆನೆ ಕಟ್ಟಲು ಶುರುಮಾಡುತ್ತದೆ. ಬೆಳೆಗೆ ನೀರು ತೀರಾ ಬೇಕಾದ ಹೊತ್ತು ಅದೇ. ಏಪ್ರಿಲ್‌ನಲ್ಲಿ ಬಿತ್ತಿದ ಬೆಳೆ ಜೂನ್ ಮಳೆಯಲ್ಲಿ ತೆನೆ ಕಟ್ಟುತ್ತಿತ್ತು. ಮೇ ಮಧ್ಯದಲ್ಲಿ ಬಿತ್ತಿದ್ದು ಜುಲೈನ ಒಣ ಬಿಡುವಿಗೆ ಸಿಕ್ಕಿಬೀಳುತ್ತದೆ. ತೆನೆಯಲ್ಲಿ ಕಾಳು ಅರ್ಧಂಬರ್ಧ ಕೂರುತ್ತದೆ.

ಈಗ ವರ್ಷದ ಕೊನೆಗೆ ಲೆಕ್ಕ ಹಾಕಿದರೆ? ಮೇ ತಿಂಗಳಲ್ಲಿ ಸುರಿದ ಜೋರು ಮಳೆ ಏಪ್ರಿಲ್ ಕೊರತೆಯನ್ನು ಕಾಗದದ ಮೇಲೆ ತುಂಬಿಬಿಡುತ್ತದೆ. ‘ವಾಡಿಕೆಯ ಮಳೆ’ ಅಂತ ವರದಿಯಾಗುತ್ತದೆ. ಹೊಲದಲ್ಲಿ ಮಾತ್ರ ಕಾಳಿಲ್ಲ. ಒಳ್ಳೆ ಮಳೆಯ ವರ್ಷದಲ್ಲೂ ಹಸಿವು ಇರೋದಕ್ಕೆ ಮೊದಲ ಕಾರಣ ಇದು.

ಇನ್ನೊಂದು ವಿಷಯವನ್ನೂ ಹೇಳಬೇಕು. ಹೈಟಿಯ ಸಣ್ಣ ರೈತ ಬೆಳೆಯುವುದಕ್ಕಿಂತ ಹೆಚ್ಚು ಆಹಾರವನ್ನು ಕೊಳ್ಳುತ್ತಾನೆ. ಒಂದು ಹೆಕ್ಟೇರಿನ ಆಸುಪಾಸಿನ ಜಮೀನು, ಅದೂ ಚೂರುಚೂರಾಗಿ ಹಂಚಿಹೋದದ್ದು. ಬೆಳೆದದ್ದರಲ್ಲಿ ಒಂದಿಷ್ಟು ಮಾರಿ, ಕೂಲಿ ಮಾಡಿ, ಉಳಿದ ತಿಂಗಳು ಅಂಗಡಿಯಿಂದ ತಂದು ತಿನ್ನುತ್ತಾನೆ. ಬೆಳೆ ಕೈಕೊಟ್ಟರೆ ಮಾರಲು ಏನೂ ಇಲ್ಲ, ಕೊಯ್ಲಿನ ಕೂಲಿ ಇಲ್ಲ, ಸಂತೆಯಲ್ಲಿ ಬೆಲೆಯೂ ಏರಿರುತ್ತದೆ. ಬೆಲೆ ಏರಿದರೆ ರೈತನಿಗೆ ಲಾಭ ಅಲ್ವಾ ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ.

ಬರ ಮತ್ತು ಪ್ರವಾಹ ಒಂದೇ ವಾರದಲ್ಲಿ

ಕೆರಿಬಿಯನ್ ಹವಾಮಾನದ ವಾರದ ವರದಿ ಓದಿದವರಿಗೆ ಗೊಂದಲ ಆಗುವುದು ಇಲ್ಲೇ. ಕಳೆದ ಮೂವತ್ತು ದಿನ ಮಳೆ ಕೊರತೆ ಎಂದು ಬರೆದಿರುತ್ತದೆ. ಕೆಳಗೇ, ಅದೇ ಜಿಲ್ಲೆಗೆ, ಮುಂದಿನ ವಾರ ದಿಢೀರ್ ಪ್ರವಾಹದ ಎಚ್ಚರಿಕೆ ಇರುತ್ತದೆ. ಎರಡೂ ನಿಜವೇ. ಒಣಗಿ ಗಟ್ಟಿಯಾದ ನೆಲ ಮೊದಲ ಜೋರು ಮಳೆಯನ್ನು ಕುಡಿಯುವುದಿಲ್ಲ. ಅದರ ಮೇಲೆ ಇಳಿಜಾರು. ದೇಶದ ಹೆಚ್ಚಿನ ನೆಲ ಬೆಟ್ಟ, ಆ ಕಡಿದಾದ ಬೆಟ್ಟದ ಮೈಮೇಲೇ ಬೇಸಾಯ. ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆಲವೇ ಗಂಟೆಗಳಲ್ಲಿ ಕೆಳಗಿನ ಪಟ್ಟಣಕ್ಕೆ ಬರುತ್ತದೆ. ಬೆಟ್ಟದ ಮೇಲೆ ಬೆಳೆಗೆ ತೇವ ಉಳಿಯಲಿಲ್ಲ, ಕೆಳಗೆ ಮನೆ ಉಳಿಯಲಿಲ್ಲ.

2004ರ ಸೆಪ್ಟೆಂಬರ್‌ನಲ್ಲಿ ಜೀನ್ ಚಂಡಮಾರುತ ಬಂದಾಗ ಇದು ಭಯಂಕರವಾಗಿ ಕಂಡಿತು. ಜೀನ್ ದಡ ಮುಟ್ಟಿದ್ದು ದ್ವೀಪದ ಪೂರ್ವ ತುದಿಯಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಅಲ್ಲಿ ಸತ್ತವರು ಇಪ್ಪತ್ತರ ಆಸುಪಾಸು. ಹೈಟಿಯಲ್ಲಿ ಸತ್ತವರು ಸುಮಾರು 3,000. ಹೆಚ್ಚಿನವರು ಗೊನಾಯಿವ್ ಎಂಬ ಒಂದೇ ನಗರದವರು. ಅವರನ್ನು ಕೊಂದದ್ದು ಗಾಳಿಯಲ್ಲ, ಬೆಟ್ಟದಿಂದ ಇಳಿದ ಕೆಸರುನೀರು. 2008ರಲ್ಲಿ ಫೇ, ಗುಸ್ತಾವ್, ಹ್ಯಾನಾ, ಐಕ್ ಎಂದು ಒಂದರ ಹಿಂದೆ ಒಂದು ನಾಲ್ಕು ಬಂದಾಗ ಅದೇ ನಗರ ಮತ್ತೆ ಮುಳುಗಿತು. ಮೆಲಿಸ್ಸಾ ದಡ ಮುಟ್ಟದೆಯೂ ಕೊಂದದ್ದು ಹೀಗೆಯೇ. ಅದು ಬಹಳ ನಿಧಾನವಾಗಿ ಚಲಿಸಿತು, ದಕ್ಷಿಣ ಹೈಟಿಯ ಮೇಲೆ ದಿನಗಟ್ಟಲೆ ಮಳೆ ಸುರಿಯಿತು.

ಕಾಡು ಕಡಿದದ್ದೇ ಇದಕ್ಕೆಲ್ಲ ಕಾರಣ ಅಂತ ಹೇಳುವುದುಂಟು. ಹೈಟಿಯಲ್ಲಿ ಉಳಿದಿರುವುದು ಶೇ 2ರಷ್ಟು ಕಾಡು ಮಾತ್ರ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಹಳೆಯ ಮೂಲಕಾಡು ಬಹುತೇಕ ಹೋಗಿರುವುದು ನಿಜ. ಆದರೆ ಉಪಗ್ರಹ ಚಿತ್ರಗಳನ್ನು ಸೂಕ್ಷ್ಮವಾಗಿ ನೋಡಿದ 2014ರ ಅಧ್ಯಯನವೊಂದು ಮರದ ಹೊದಿಕೆ ಶೇ 30ರ ಆಸುಪಾಸು ಇದೆ ಎಂದು ಕಂಡುಕೊಂಡಿತು. ಆ ಮರಗಳಲ್ಲಿ ಬಹಳಷ್ಟು ರೈತರೇ ಬೆಳೆಸಿದವು: ಮಾವು, ಜೀಗುಜ್ಜೆ, ಬೆಣ್ಣೆಹಣ್ಣು, ಕಾಫಿಗೆ ನೆರಳು ಕೊಡುವ ಮರಗಳು. ಇದ್ದಿಲಿಗಾಗಿ ಮರ ಕಡಿಯುವುದೂ ಇದೆ. ಅಡುಗೆಗೆ ಹೆಚ್ಚಿನ ಮನೆಗಳಲ್ಲಿ ಇದ್ದಿಲೇ ಗತಿ. ಆದರೆ ಬೆಳೆ ಹಾಳಾದ ವರ್ಷ ಇದ್ದಿಲು ಸುಡುವುದು ಜಾಸ್ತಿಯಾಗುತ್ತದೆ, ಯಾಕೆಂದರೆ ಕೈಗೆ ಕಾಸು ಬರುವ ದಾರಿ ಅದೊಂದೇ. ಹೈಟಿಯ ರೈತರಿಗೆ ಮರದ ಬೆಲೆ ಗೊತ್ತಿಲ್ಲ ಎಂಬ ಧಾಟಿಯ ಬರಹಗಳು ನನಗೆ ಅನ್ಯಾಯ ಅನ್ನಿಸುತ್ತವೆ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? ಒಂದಷ್ಟು ಪೆಲಿಗ್ರ್ ಅಣೆಕಟ್ಟಿಗೆ. 1956ರಲ್ಲಿ ಆರ್ಟಿಬೊನೈಟ್ ನದಿಗೆ ಕಟ್ಟಿದ ಈ ಅಣೆಕಟ್ಟೇ ದೇಶದ ಅನ್ನದ ಬಟ್ಟಲಾದ ಆರ್ಟಿಬೊನೈಟ್ ಕಣಿವೆಗೆ ನೀರಿನ ಆಧಾರ. ಜಲಾಶಯದ ಅರ್ಧದಷ್ಟು ಜಾಗವನ್ನು ಹೂಳು ತಿಂದಿದೆ. ಅಂದರೆ ಜೋರು ಮಳೆ ಬಂದಾಗ ಹಿಡಿದಿಡಲು ಜಾಗ ಸಾಲದು, ಮಳೆ ಇಲ್ಲದಾಗ ಬಿಡಲು ನೀರು ಸಾಲದು. ಭತ್ತದ ಗದ್ದೆಗೆ ಹೋಗುವ ಕಾಲುವೆಗಳಲ್ಲೂ ಅದೇ ಹೂಳು.

ಹೊಡೆತ ತಡೆಯುವ ಗಂಟು ಕರಗಿದ್ದು

ಮಳೆಯ ಏರುಪೇರು ಹೈಟಿಗೆ ಹೊಸದಲ್ಲ. ಹಿಂದೆಯೂ ಬರ ಬರುತ್ತಿತ್ತು, ಚಂಡಮಾರುತ ಬರುತ್ತಿತ್ತು. ಆಗ ರೈತನ ಮನೆಯಲ್ಲಿ ಹಂದಿ ಇರುತ್ತಿತ್ತು. ಸ್ಥಳೀಯ ತಳಿಯ ಕಪ್ಪು ಹಂದಿ, ಸಿಕ್ಕಿದ್ದು ತಿಂದು ಬದುಕುವಂಥದ್ದು. ಮಕ್ಕಳ ಶಾಲೆ ಫೀಜಿಗೆ, ಮದುವೆಗೆ, ಕೆಟ್ಟ ವರ್ಷಕ್ಕೆ ಅದೇ ಉಳಿತಾಯ. 1980ರ ದಶಕದ ಆರಂಭದಲ್ಲಿ ಆಫ್ರಿಕನ್ ಹಂದಿ ಜ್ವರ ಹರಡಿದಾಗ, ಅಮೆರಿಕದ ಬೆಂಬಲದ ಕಾರ್ಯಕ್ರಮದಡಿ ಆ ತಳಿಯನ್ನು ಬಹುತೇಕ ಪೂರ್ತಿ ಕೊಂದುಹಾಕಲಾಯಿತು. ಬದಲಿಗೆ ಬಂದ ಹೊರಗಿನ ತಳಿಗೆ ಕೊಂಡ ಮೇವು, ಒಳ್ಳೆ ನೀರು, ಕೊಟ್ಟಿಗೆ ಎಲ್ಲ ಬೇಕಿತ್ತು. ಬಡವರಿಂದ ಸಾಕಲು ಆಗಲಿಲ್ಲ.

ಇನ್ನೊಂದು ಗಂಟು ಮರಗಳು. 2016ರ ಅಕ್ಟೋಬರ್ 4ರಂದು ಮ್ಯಾಥ್ಯೂ ಚಂಡಮಾರುತ ಟಿಬುರಾನ್ ತುದಿಗೆ ಅಪ್ಪಳಿಸಿತು. 500ಕ್ಕೂ ಹೆಚ್ಚು ಜನ ಸತ್ತರು ಎಂಬುದು ಅಧಿಕೃತ ಲೆಕ್ಕ. ದೇಶಕ್ಕೆ ಆದ ನಷ್ಟ ವರ್ಷದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗದ ಹತ್ತಿರ. ಗ್ರಾಂಡಾನ್ಸ್ ಜಿಲ್ಲೆಯಲ್ಲಿ ನಿಂತ ಬೆಳೆ ಬಹುತೇಕ ನೆಲಸಮವಾಯಿತು. ಬೀನ್ಸ್ ಕಾಳು ಹೋದರೆ ಮುಂದಿನ ಸಲ ಬಿತ್ತಬಹುದು. ಜೀಗುಜ್ಜೆ ಮರ, ಕೋಕೋ, ಮಾವು ಉರುಳಿದರೆ ಮತ್ತೆ ಫಲ ಕಾಣಲು ವರ್ಷಗಳೇ ಬೇಕು. ಅದೇ ದಕ್ಷಿಣ ಭಾಗಕ್ಕೆ 2021ರ ಆಗಸ್ಟ್ 14ರಂದು 7.2 ತೀವ್ರತೆಯ ಭೂಕಂಪ ಬಡಿಯಿತು. ಎರಡೇ ದಿನಕ್ಕೆ ಗ್ರೇಸ್ ಬಿರುಗಾಳಿಯ ಮಳೆ ಸುರಿಯಿತು.

ಹೀಗೆ ಒಂದು ಹೊಡೆತದಿಂದ ಎದ್ದು ನಿಲ್ಲುವುದರೊಳಗೆ ಇನ್ನೊಂದು. ಪ್ರತಿ ಸಲ ಸ್ವಲ್ಪ ಬೀಜ, ಸ್ವಲ್ಪ ಜಾನುವಾರು, ಸ್ವಲ್ಪ ಭೂಮಿ ಕೈಬಿಡುತ್ತದೆ. ಅದಕ್ಕೇ ಇವತ್ತು ಒಂದು ಸಾಧಾರಣ ಮಳೆ ಕೊರತೆಯೂ ಹಿಂದಿನ ದೊಡ್ಡ ಬರದಷ್ಟು ಹಸಿವು ತರಬಲ್ಲದು.

ಹೊಲದಿಂದ ಸಂತೆಗೆ ದಾರಿಯಿಲ್ಲ

ಇಷ್ಟೆಲ್ಲ ದಾಟಿ ಬೆಳೆ ಬಂತು ಅಂತಿಟ್ಟುಕೊಳ್ಳೋಣ. ಅದನ್ನು ಹಳ್ಳಿಯಿಂದ ಪಟ್ಟಣಕ್ಕೆ ಸಾಗಿಸುವವರು ಮದಾನ್ ಸಾರಾ ಎಂದು ಕರೆಸಿಕೊಳ್ಳುವ ಹೆಂಗಸರು. ಬೆಟ್ಟದ ಸಂತೆಗಳಲ್ಲಿ ಕೊಂಡು, ಮೂಟೆ ಕಟ್ಟಿ, ಲಾರಿಯ ಮೇಲೆ ಹೇರಿ, ಅದರ ಮೇಲೇ ಕೂತು ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ಗೆ ಬರುತ್ತಾರೆ. ದೇಶದ ಆಹಾರ ವ್ಯಾಪಾರ ನಿಂತಿರುವುದೇ ಇವರ ಮೇಲೆ. ರೈತರಿಗೆ ಮುಂಗಡ ಕೊಡುವವರೂ ಎಷ್ಟೋ ಕಡೆ ಇವರೇ.

ಈ ದಾರಿಗಳು ಈಗ ಶಸ್ತ್ರಧಾರಿ ಗುಂಪುಗಳ ಕೈಯಲ್ಲಿವೆ. 2021ರ ಜೂನ್‌ನಿಂದ ಮಾರ್ಟಿಸಾನ್ ಎಂಬ ಬಡಾವಣೆಯಲ್ಲಿ ದಕ್ಷಿಣಕ್ಕೆ ಹೋಗುವ ಹೆದ್ದಾರಿ ಅವರ ಹಿಡಿತಕ್ಕೆ ಹೋಯಿತು. ರಾಜಧಾನಿಯ ಶೇ 90ರಷ್ಟು ಭಾಗ ಗುಂಪುಗಳ ವಶದಲ್ಲಿದೆ ಎಂದು 2025ರಲ್ಲಿ ವಿಶ್ವಸಂಸ್ಥೆ ಹೇಳಿತು. ಮನೆ ಬಿಟ್ಟು ಓಡಿದವರು 13 ಲಕ್ಷಕ್ಕೂ ಹೆಚ್ಚು. ಲಾರಿ ಒಂದೊಂದು ತಡೆಯಲ್ಲೂ ಸುಂಕ ಕಟ್ಟಬೇಕು. ಕಟ್ಟಿದರೂ ಜೀವಕ್ಕೆ ಖಾತ್ರಿಯಿಲ್ಲ. ಹಾಗಾಗಿ ಹಳ್ಳಿಯಲ್ಲಿ ಬಾಳೆಗೊನೆ ಕೇಳುವವರಿಲ್ಲದೆ ಅಗ್ಗ, ನಗರದಲ್ಲಿ ಅದೇ ಬಾಳೆ ದುಬಾರಿ.

ಆರ್ಟಿಬೊನೈಟ್ ಕಣಿವೆಯಲ್ಲಿ ಗುಂಪುಗಳು ಗದ್ದೆಗೇ ಇಳಿದಿವೆ. ಬೆಳೆ ಕದಿಯುವುದು, ಉಳುವುದಕ್ಕೂ ಕೊಯ್ಯುವುದಕ್ಕೂ ಹಣ ಕೀಳುವುದು ನಡೆದಿದೆ. 2024ರ ಅಕ್ಟೋಬರ್ 3ರಂದು ಅದೇ ಕಣಿವೆಯ ಪಾಂ-ಸೊಂದೆ ಪಟ್ಟಣದಲ್ಲಿ 70ಕ್ಕೂ ಹೆಚ್ಚು ಜನರನ್ನು ಕೊಂದರು. ಇಂಥ ಕಡೆ ಗದ್ದೆ ಪಾಳು ಬಿದ್ದಿದೆ ಅಂದರೆ ಅದಕ್ಕೆ ಮೋಡವನ್ನು ದೂರುವಂತಿಲ್ಲ.

ಯಾರ ವಾದ ಏನು?

ಒಂದು ಕಡೆಯವರು ಹೇಳುವುದು: ಎಲ್ಲಕ್ಕೂ ಭದ್ರತೆಯೇ ಮೂಲ. ದಾರಿ ಬಿಡಿಸಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಕೆನ್ಯಾ ನೇತೃತ್ವದ ಪೊಲೀಸ್ ಪಡೆ 2024ರಲ್ಲಿ ಬಂದದ್ದು, 2025ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಮಂಡಳಿ ಅದಕ್ಕಿಂತ ದೊಡ್ಡ ಪಡೆಗೆ ಒಪ್ಪಿಗೆ ಕೊಟ್ಟದ್ದು ಈ ಯೋಚನೆಯಿಂದಲೇ. ಇನ್ನೊಂದು ಕಡೆಯವರಿಗೆ ಹವಾಮಾನ ಬದಲಾವಣೆಯೇ ಮುಖ್ಯ. ಬಿಸಿಯಾದ ಸಮುದ್ರದಿಂದ ಚಂಡಮಾರುತಗಳು ಹೆಚ್ಚು ಮಳೆ ಹೊತ್ತು ತರುತ್ತಿವೆ, ಇದರಲ್ಲಿ ಹೈಟಿಯ ತಪ್ಪು ಏನೂ ಇಲ್ಲ, ಪರಿಹಾರ ಕೊಡಬೇಕಾದವರು ಶ್ರೀಮಂತ ದೇಶಗಳು ಎಂಬುದು ಅವರ ಮಾತು.

ಮೂರನೇ ವಾದ ಹಳೆಯದು, ಮತ್ತು ಹೈಟಿಯ ರೈತ ಸಂಘಟನೆಗಳು ಬಿಡದೆ ಹೇಳುತ್ತಾ ಬಂದಿರುವುದು. 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಲಾಯಿತು. ಸಾಲ ಕೊಟ್ಟವರ ಒತ್ತಡವಿತ್ತು. ಸರ್ಕಾರದ ಸಹಾಯಧನ ಪಡೆದು ಬೆಳೆದ ಅಮೆರಿಕದ ಅಕ್ಕಿ ಹಡಗು ಹಡಗಾಗಿ ಬಂತು. ಆರ್ಟಿಬೊನೈಟ್ ರೈತರಿಂದ ಪೈಪೋಟಿ ಕೊಡಲಾಗಲಿಲ್ಲ. ಇದು ತಪ್ಪಾಗಿತ್ತು ಎಂದು ಬಿಲ್ ಕ್ಲಿಂಟನ್ 2010ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಇವತ್ತು ಹೈಟಿ ತಿನ್ನುವ ಅಕ್ಕಿಯಲ್ಲಿ ಶೇ 80ರಷ್ಟು ಹೊರಗಿನದು. ಅದೇ ದ್ವೀಪದ ಇನ್ನೊಂದು ಬದಿಯ ಡೊಮಿನಿಕನ್ ರಿಪಬ್ಲಿಕ್ ತನ್ನ ಭತ್ತದ ರೈತರನ್ನು ಕಾಪಾಡಿಕೊಂಡು, ಅಕ್ಕಿಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿದೆ.

ಆಮದನ್ನು ಸಮರ್ಥಿಸುವವರೂ ಸುಮ್ನೆ ಮಾತಾಡುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಹಡಗಿನಲ್ಲಿ ಬಂದ ಅಕ್ಕಿಯೇ ನಗರದ ಬಡವರ ಹೊಟ್ಟೆ ತುಂಬಿಸುತ್ತದೆ. ಈಗಲೇ ಸುಂಕ ಏರಿಸಿದರೆ ಮೊದಲು ಹಸಿಯುವುದು ಅವರೇ. ಆದರೆ ಆಮದು ಕೂಡ ಮಳೆಯಿಂದ ಪೂರ್ತಿ ರಕ್ಷಣೆ ಅಲ್ಲ. 2023 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗಿ ಎಷ್ಟೋ ಕಡೆ ಮಳೆ ಏರುಪೇರಾಗುವ ವರ್ಷ. ಆಗ ನಮ್ಮಲ್ಲಿ ಬೆಲೆ ಏರಿ, ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ಬೆಲೆ ಹದಿನೈದು ವರ್ಷದಲ್ಲೇ ಹೆಚ್ಚಿನ ಮಟ್ಟ ಮುಟ್ಟಿತು. ನಮ್ಮ ಮುಂಗಾರಿನ ಆತಂಕ ಕೂಡ ಅಕ್ಕಿ ಕೊಂಡು ತಿನ್ನುವ ದೇಶಗಳ ತಟ್ಟೆಗೆ ಬೆಲೆಯಾಗಿ ತಲುಪುತ್ತದೆ.

ಈ ವಾದಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬ ಧೋರಣೆಯೇ ಸರಿಯಲ್ಲ ಎಂಬುದು ನನ್ನ ನಿಲುವು. ಆ 57 ಲಕ್ಷಕ್ಕೆ ಹತ್ತಿರದ ಕಾರಣ ಬಂದೂಕು, ಅದರಲ್ಲಿ ಅನುಮಾನವಿಲ್ಲ. ಆದರೆ ದಾರಿ ನಾಳೆಯೇ ತೆರೆದರೂ, ಬೀಜವಿಲ್ಲದ, ಮರವಿಲ್ಲದ, ಬೆಲೆ ಸಿಗದ ರೈತನ ಹೊಲದಿಂದ ಆ ದಾರಿಯಲ್ಲಿ ಸಾಗಿಸಲು ಹೆಚ್ಚೇನೂ ಇರುವುದಿಲ್ಲ.

ಒಂದು ಕಾಲುವೆಯ ಜಗಳ

ನೀರು ಎಷ್ಟು ಮುಖ್ಯ ಅನ್ನೋದು 2023ರಲ್ಲಿ ಎದ್ದು ಕಂಡಿತು. ಈಶಾನ್ಯದ ವಾನಾಮಿಂತ್ ಪಟ್ಟಣದ ಹತ್ತಿರ ಎರಡೂ ದೇಶಗಳ ಗಡಿಯಾಗಿ ಮಸಾಕರ್ ನದಿ ಹರಿಯುತ್ತದೆ. ಅಲ್ಲಿಂದ ಮಾರಿಬಾರೂ ಬಯಲಿಗೆ ನೀರು ತರುವ ಕಾಲುವೆಯ ಕೆಲಸ ಅರ್ಧಕ್ಕೆ ನಿಂತಿತ್ತು. ಊರವರೇ ಅದನ್ನು ಮತ್ತೆ ಕೈಗೆತ್ತಿಕೊಂಡರು. ಹೈಟಿಯ ಹಳ್ಳಿಗಳಲ್ಲಿ ಕೋನ್‌ಬಿಟ್ ಎಂಬ ಮುಯ್ಯಾಳು ಪದ್ಧತಿ ಹಿಂದಿನಿಂದಲೂ ಇದೆ. ಅದೇ ಹುಮ್ಮಸ್ಸಿನಲ್ಲಿ ಜನ ಸಿಮೆಂಟು, ಅಡುಗೆ, ಹಣ, ದುಡಿಮೆ ತಂದು ಕೊಟ್ಟರು. ವಿದೇಶದಲ್ಲಿರುವ ಹೈಟಿಯವರೂ ದುಡ್ಡು ಕಳಿಸಿದರು.

ಒಪ್ಪಿಗೆಯಿಲ್ಲದೆ ನದಿ ತಿರುಗಿಸುತ್ತಿದ್ದಾರೆ, ನಮ್ಮ ರೈತರಿಗೆ ನೀರು ಕಡಿಮೆಯಾಗುತ್ತದೆ ಎಂದು ಡೊಮಿನಿಕನ್ ಸರ್ಕಾರ ಆಕ್ಷೇಪಿಸಿತು. 1929ರ ಒಪ್ಪಂದದಲ್ಲಿ ನೀರಿನ ಮೇಲೆ ಇಬ್ಬರಿಗೂ ಹಕ್ಕಿದೆ, ಅವರ ಬದಿಯಲ್ಲಿ ಈಗಾಗಲೇ ಕಾಲುವೆಗಳಿವೆ ಎಂದು ಹೈಟಿ ವಾದಿಸಿತು. ಸೆಪ್ಟೆಂಬರ್ 15ರಂದು ಡೊಮಿನಿಕನ್ ಸರ್ಕಾರ ಗಡಿಯನ್ನು ಪೂರ್ತಿ ಮುಚ್ಚಿತು. ಅಕ್ಟೋಬರ್‌ನಲ್ಲಿ ಭಾಗಶಃ ತೆರೆಯಿತು. ಅಷ್ಟರಲ್ಲಿ ಗಡಿ ಸಂತೆಯನ್ನೇ ನಂಬಿದ ಎರಡೂ ಕಡೆಯ ಸಣ್ಣ ವ್ಯಾಪಾರಿಗಳು ಸೋತುಹೋದರು. ಆದರೂ ಜನ ಕೆಲಸ ನಿಲ್ಲಿಸಲಿಲ್ಲ. ಮಳೆ ಹದಿನೈದು ದಿನ ತಪ್ಪಿದರೆ ಏನಾಗುತ್ತದೆ ಎಂದು ಗೊತ್ತಿರುವ ರೈತರಿಗೆ ಆ ಕಾಲುವೆ ಯಾಕೆ ಅಷ್ಟು ಮುಖ್ಯ ಎಂದು ವಿವರಿಸಿ ಹೇಳಬೇಕಿಲ್ಲ.

ಮುಂದೇನು?

ಎಲ್ ನಿನೊ ವರ್ಷಗಳಲ್ಲಿ ಅಟ್ಲಾಂಟಿಕ್ ಚಂಡಮಾರುತಗಳು ಸಾಮಾನ್ಯವಾಗಿ ಕಡಿಮೆ, ಆದರೆ ಕೆರಿಬಿಯನ್‌ನಲ್ಲಿ ಮಳೆಯೂ ಕಡಿಮೆ. 2015ರ ಬರದಲ್ಲಿ ಹೈಟಿಯಲ್ಲಿ ಸುಮಾರು 36 ಲಕ್ಷ ಜನ ಆಹಾರದ ಕೊರತೆಗೆ ಸಿಕ್ಕಿದ್ದರು. ಅದಕ್ಕೆ ತದ್ವಿರುದ್ಧವಾದ ಲಾ ನಿನಾ ವರ್ಷದಲ್ಲಿ ಮಳೆ ಇರುತ್ತದೆ, ಚಂಡಮಾರುತದ ಭಯವೂ ಜಾಸ್ತಿ ಇರುತ್ತದೆ. ಹಾಗಾಗಿ ನಿಶ್ಚಿಂತೆಯ ವರ್ಷ ಎಂದು ಯಾವುದನ್ನೂ ಹೇಳುವಂತಿಲ್ಲ. ಚಂಡಮಾರುತದ ಕಾಲ ಅಧಿಕೃತವಾಗಿ ಶುರುವಾಗುವುದು ಜೂನ್ 1ಕ್ಕೆ, ಅಂದರೆ ಹಸಿವಿನ ತಿಂಗಳುಗಳು ಮುಗಿಯುತ್ತಾ ಬಂದು ಮೊದಲ ಕೊಯ್ಲು ಕೈಗೆ ಬರಬೇಕಾದ ಹೊತ್ತಿಗೇ. ಪ್ರವಾಹದ ಜೊತೆ ಕಾಲರಾ ಭಯವೂ ಇದೆ. ಮೂರು ವರ್ಷ ಕಾಣಿಸದ ಕಾಲರಾ 2022ರ ಅಕ್ಟೋಬರ್‌ನಲ್ಲಿ ಮರಳಿತು. ಭೇದಿಯಿಂದ ಬಳಲುವ ಮಗುವಿಗೆ ಊಟ ಸಿಕ್ಕಿದರೂ ಅದು ಮೈಗೆ ಹತ್ತುವುದಿಲ್ಲ.

ಮುನ್ಸೂಚನೆ ಕೊಡುವ ವ್ಯವಸ್ಥೆಯೂ ಅಲುಗಾಡಿದೆ. ಹೈಟಿಯಲ್ಲಿ ಮಳೆಮಾಪಕಗಳು ಕಡಿಮೆ, ಅದಕ್ಕೇ ಉಪಗ್ರಹದ ಅಂದಾಜೇ ಆಧಾರ. ಅದನ್ನು ಬೆಳೆ, ಬೆಲೆಗಳ ಜೊತೆ ಹೊಂದಿಸಿ ಹೇಳುತ್ತಿದ್ದ, ಅಮೆರಿಕದ ಹಣದಲ್ಲಿ ನಡೆಯುವ ಫ್ಯೂಸ್ ನೆಟ್ ಎಂಬ ಕ್ಷಾಮದ ಮುನ್ಸೂಚನೆ ಜಾಲ 2025ರ ಜನವರಿಯಲ್ಲಿ ನೆರವು ತಡೆದ ಕಾರಣ ನಿಂತುಹೋಯಿತು. ವರ್ಷದ ಮಧ್ಯದಲ್ಲಿ ಮತ್ತೆ ಶುರುವಾಯಿತು. ಆ ಅಂತರ ಬಿದ್ದದ್ದು ಸರಿಯಾಗಿ ಬಿತ್ತನೆಯ ತಿಂಗಳುಗಳಲ್ಲಿ. ಇನ್ನೊಂದು ಕಡೆ, 2024ರ ಅಕ್ಟೋಬರ್‌ನಲ್ಲಿ ಡೊಮಿನಿಕನ್ ಸರ್ಕಾರ ದಾಖಲೆಯಿಲ್ಲದ ವಲಸಿಗರನ್ನು ವಾರಕ್ಕೆ 10,000 ಜನರವರೆಗೆ ಗಡಿಪಾರು ಮಾಡುವುದಾಗಿ ಘೋಷಿಸಿತು. ಹಾಗೆ ಹೈಟಿಗೆ ಮರಳಿ ಬಂದವರಿಗೆ ಹೊಲವೂ ಇಲ್ಲ, ಕೂಲಿಯೂ ಇಲ್ಲ. ಮೊದಲೇ ಅರೆಹೊಟ್ಟೆಯ ಮನೆಗಳು ಅವರಿಗೂ ಊಟ ಹಂಚಬೇಕು.

ಹಾಗಾಗಿ ಮುಂದಿನ ಸುದ್ದಿಗಳಲ್ಲಿ ಮಿಲಿಮೀಟರ್ ಲೆಕ್ಕಕ್ಕಿಂತ ಬೇರೆ ವಿಷಯಗಳನ್ನು ಗಮನಿಸಬೇಕು. ಮಾರ್ಚ್ ಒಳಗೆ ರೈತರ ಕೈಗೆ ಬೀಜ ಸಿಕ್ಕಿತೇ? ನೆರವು ತಡವಾಗಿ ಮೇ ಕೊನೆಗೆ ಬಂದರೆ ಆ ಬೀಜವನ್ನು ಮನೆಯವರು ಬೇಯಿಸಿ ತಿನ್ನುತ್ತಾರೆ, ಅದು ಅವರ ತಪ್ಪಲ್ಲ. ವಿಶ್ವ ಆಹಾರ ಕಾರ್ಯಕ್ರಮ ಶಾಲಾ ಮಕ್ಕಳ ಊಟಕ್ಕೆ ಊರಿನ ರೈತರಿಂದಲೇ ಕಾಳು, ಗೆಣಸು, ತರಕಾರಿ ಕೊಳ್ಳುವ ಕೆಲಸ ಮಾಡುತ್ತಿದೆ. ಅದಕ್ಕೆ ರಾಜಧಾನಿಯ ದಾರಿ ಬೇಕಿಲ್ಲ, ಹತ್ತಿರದ ಶಾಲೆಯವರೆಗಿನ ದಾರಿ ಸಾಕು. ಹೆದ್ದಾರಿಗಳು ತೆರೆಯುವವರೆಗೂ ಹಳ್ಳಿಯ ಬೆಳೆಗೆ ಬೆಲೆ ಸಿಗುವಂತೆ ಮಾಡುವ ಕೆಲವೇ ದಾರಿಗಳಲ್ಲಿ ಇದೊಂದು. ಅದಕ್ಕೆ ಬೇಕಾದ ಹಣ ದಾನಿ ದೇಶಗಳಿಂದ ಬರಬೇಕು, ಮತ್ತು 2025ರಿಂದ ಆ ಹಣ ಕಡಿಮೆಯಾಗುತ್ತಿದೆ.